ಗೋಡೆಯೊಳಗಿನ ಆಗಂತುಕ

ಹೊರಬಾಗಿಲಿನ ಅರಗಿನ ಮುದ್ರೆ ಒಡೆದಿರಲಿಲ್ಲ. ಪಿಎಸ್‌ಐ ಪ್ರೇಮವ್ವ ಅದನ್ನು ತಾನೇ ಮುಟ್ಟಿ ನೋಡಿದಳು. ಆಮೇಲೆ ಒಡೆಸಿದಳು. ಕಬ್ಬಿಣದ ದಪ್ಪ ಬಾಗಿಲು ನರಳುತ್ತ ತೆರೆಯಿತು.

ಒಳಗೆ ಹೆಣವಿತ್ತು.

ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕ ಕೋಣೆ. ಆಚೆ ಬದಿಗೆ ಇನ್ನೊಂದು ಕಬ್ಬಿಣದ ಬಾಗಿಲು. ಬಿಳಿ ಉಡುಪಿನ ನಡುವಯಸ್ಸಿನ ಗಂಡಸೊಬ್ಬ ಆ ಒಳಬಾಗಿಲಿಗೆ ಹಣೆ ಹಚ್ಚಿ ಕುಸಿದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಬಲಗೈ ಮುಷ್ಟಿ ಬಿಗಿದೇ ಇತ್ತು, ಗೆಣ್ಣುಗಳ ಚರ್ಮ ಸುಲಿದಿತ್ತು.

"ಅಣ್ಣಾಜಿಯವರು," ಎಂದ ಹಿಂದೆ ನಿಂತಿದ್ದ ಋಷಿಕೇಶ. "ನೌಕೆಯ ಕಮಾಂಡರ್."

"ಯಾವ ನೌಕೆರೀ?" ಕಾನ್‌ಸ್ಟೇಬಲ್ ತಿರಕಪ್ಪ ಸುತ್ತ ನೋಡಿದ. "ಇದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಅಲ್ಲೇನ್ರಿ?"

ಇಬ್ಬರ ಮಾತೂ ಖರೇ. ಬ್ಯಾಡಗಿ ಪೇಟೆಯ ಹೊರಗಿನ ಈ ಕಟ್ಟಡದಲ್ಲಿ ಹಿಂದೆ ಮೆಣಸಿನಕಾಯಿ ಚೀಲಗಳನ್ನು ಛಾವಣಿಯ ತನಕ ಒಟ್ಟುತ್ತಿದ್ದರು. ವ್ಯಾಪಾರ ನಿಂತು ವರ್ಷಗಳಾದ ಮೇಲೆ ಅದರ ಹೊಟ್ಟೆಯೊಳಗೆ ಪ್ಲೈವುಡ್ಡಿನ ಗಗನನೌಕೆಯೊಂದು ಎದ್ದಿತ್ತು. ದೂರದ ಗ್ರಹಗಳಿಗೆ ಹೋಗುವ ಮನುಷ್ಯರು ಕಿಟಕಿಯಿಲ್ಲದ ಗೂಡಿನಲ್ಲಿ ಹೇಗೆ ಬಾಳುತ್ತಾರೆ, ಯಾವಾಗ ಕೆಡುತ್ತಾರೆ ಎಂದು ನೋಡುವ ಪ್ರಯೋಗ. ಅದನ್ನು ನಡೆಸುವವನು ಋಷಿಕೇಶ, ಹಾವೇರಿಯ ವಕೀಲರ ಮನೆತನದ ವಿಜ್ಞಾನಿ. ಒಳಗೆ ಮೂವರು. ಕಮಾಂಡರ್ ಅಣ್ಣಾಜಿ, ಎಂಜಿನಿಯರ್ ವೀರೇಂದ್ರ, ಡಾಕ್ಟರ್ ಭುವನಾ. ಅವರಿಗೆ ಕೊಟ್ಟ ಕಥೆ ಇಷ್ಟು: ನೌಕೆ ದಾರಿ ತಪ್ಪಿ ನಿಂತಿದೆ, ಭೂಮಿಯ ನಂಟು ಕಡಿಯುತ್ತಿದೆ, ಯಾರೋ ಆಗಂತುಕರು ಹತ್ತಿರ ಬರುತ್ತಿದ್ದಾರೆ.

ಪ್ರೇಮವ್ವ ಒಳಬಾಗಿಲನ್ನು ತಳ್ಳಿದಳು. ಅದು ಒಳಗಿನಿಂದ ಅಗಳಿ ಬಿದ್ದ ಬಾಗಿಲು. ಪಕ್ಕದ ಇಂಟರ್‌ಕಾಮ್ ಪೆಟ್ಟಿಗೆಯ ಗುಂಡಿ ಒತ್ತಿದಳು.

"ಒಳಗ ಯಾರದೀರಿ? ಪೊಲೀಸ್. ಬಾಗ್ಲಾ ತಗೀರಿ."

ಮೊದಲು ಉಸಿರು ಕೇಳಿಸಿತು. ಆಮೇಲೆ ವೀರೇಂದ್ರನ ದನಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ.

"ಮೊದಲು ಕಮಾಂಡರ್ ಹಂಗ ಬಂದ್ರಿ. ಈಗ ಪೊಲೀಸ್ ಹಂಗ ಬಂದೀರಿ. ನಾ ತಗ್ಯಾಂಗಿಲ್ಲ."

"ಡಾಕ್ಟರ್ ಎಲ್ಲದಾರ?"

"ಆಕಿಯೊಳಗೂ ನೀವು ಹೊಕ್ಕೀರಿ. ಬಾಗ್ಲಾ ತಗೀ ತಗೀ ಅಂತ ನನ್ನ ಮೈಮ್ಯಾಲ ಬಂದ್ಲು. ಕೂಡಿ ಹಾಕೇನಿ."

ಋಷಿಕೇಶ ಮುಂದೆ ಬಂದ. "ಆಹಾರದ ಕಪಾಟಿನ ಕೋಣೆ ಇರಬೇಕ್ರೀ. ಸುತ್ತ ರಬ್ಬರ್ ಪಟ್ಟಿ ಅದ. ಗಾಳಿ ಆಡೂದಿಲ್ಲ."

ಪೆಟ್ಟಿಗೆಯ ಮೂಲಕ, ವೀರೇಂದ್ರನ ಉಸಿರಿನ ಹಿಂದೆ, ಯಾರೋ ಅಂಗೈಯಿಂದ ಹಲಗೆ ಬಡಿಯುವ ಸದ್ದು ಕೇಳಿತು. ಸೋತ ಕೈಯ ಸದ್ದು.

*

ಬಾಗಿಲು ಕೊಯ್ಯುವ ಯಂತ್ರ ಹಾವೇರಿಯಿಂದ ಬರಬೇಕಿತ್ತು. ಅದು ಬಂದರೂ ಆ ಬಾಗಿಲು ಬೇಗ ಬಗ್ಗುವಂಥದ್ದಲ್ಲ. ಅಷ್ಟರಲ್ಲಿ ಒಳಗಿನ ಹೆಣ್ಣುಮಗಳು ಉಳಿಯುವಳೇ? ಪ್ರೇಮವ್ವನ ಎದೆಯಲ್ಲಿ ಇದ್ದದ್ದು ಅದೊಂದೇ. ಸತ್ತವನ ಲೆಕ್ಕ ಆಮೇಲೆ. ಆದರೆ ಆ ಲೆಕ್ಕ ಬಿಡಿಸದೆ ಈ ಬಾಗಿಲು ತೆರೆಯುವುದಿಲ್ಲ ಎಂದೂ ಅವಳಿಗೆ ಅನಿಸತೊಡಗಿತ್ತು.

ಕಂಟ್ರೋಲ್ ಕೋಣೆಯಲ್ಲಿ ವಿಜಯಮಹಾಂತೇಶ ಕೂತಿದ್ದ. ಕಟ್ಟಡದ ಮಾಲೀಕ, ಪೇಟೆಯ ಹಳೆಯ ವ್ಯಾಪಾರಸ್ಥರ ಮಗ. ಋಷಿಕೇಶನ ಜೊತೆ ಪಾಳಿಯ ಮೇಲೆ ನೌಕೆಯ ಕಾವಲು ನೋಡುತ್ತಿದ್ದ. ಹೊರಗೆ ಶ್ರಾವಣದ ಮೋಡ ಮುಚ್ಚಿದ ಹಗಲು. ಗೋಡೆಯ ಪರದೆಯಲ್ಲಿ ಮಾತ್ರ ನೌಕೆಯ ಗಡಿಯಾರ ನಡುರಾತ್ರಿ ತೋರಿಸುತ್ತಿತ್ತು. ಒಳಗಿನವರ ರಾತ್ರಿ-ಹಗಲನ್ನೂ ಇವರೇ ತಿರುಗಿಸಿದ್ದರು.

"ಒಳಗ ಜಗಳಿತ್ತೇನ್ರಿ?" ಪ್ರೇಮವ್ವ ಕೇಳಿದಳು.

"ಇತ್ತ್ರಿ," ಎಂದ ವಿಜಯಮಹಾಂತೇಶ. "ಅಣ್ಣಾಜಿ ಆದಮ್ಯಾಲ ಕಮಾಂಡ್ ಯಾರದು ಅಂತ ವೀರೇಂದ್ರಗ, ಡಾಕ್ಟರ್‌ಗ ಹತ್ತಿತ್ತು. ದಿನಾ ಅದ ಗದ್ದಲ."

"ಅದನ್ನ ಅವರಿಗೆ ಯಾಕ ಮೊದಲ ಹೇಳಿರ್ಲಿಲ್ಲ?"

ಋಷಿಕೇಶ ತಲೆ ತಗ್ಗಿಸಿದ. "ಬೇಕಂತಲೇ ಹೇಳಿರ್ಲಿಲ್ರೀ. ಯಾರು ಹ್ಯಾಂಗ ನಡ್ಕೋತಾರ ಅಂತ ನೋಡ್ಲಿಕ್ಕೆ."

"ಛಲೋ ನೋಡಿದ್ರಿ," ಎಂದಳು ಪ್ರೇಮವ್ವ. ಅವಳಿಗೆ ಸಿಟ್ಟು ಬಂದಿತ್ತು. ಬೆಂಕಿ ಹಚ್ಚಿ ಹೊಗೆ ಅಳೆಯುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು.

"ನಿನ್ನೆ ಅಣ್ಣಾಜಿ ಪ್ರಯೋಗ ನಿಲ್ಲಿಸ್ರಿ ಅಂದಿದ್ರಂತ?"

"ಅಂದಿದ್ರು," ಎಂದ ಋಷಿಕೇಶ. "ಗೋಡೆಯೊಳಗ ಪಿಸುಮಾತು ಕೇಳ್ತದ, ನಮ್ಮವರು ಹೆದರ್ಯಾರ ಅಂದ್ರು. ನಾನು ಒಪ್ಪಲಿಲ್ಲ. ಸದ್ದು, ಕಂಪನ ನಾವು ಕಳಿಸ್ತಿದ್ವಿ, ಅದು ಖರೆ. ಆದ್ರ ಪಿಸುಮಾತು ನಮ್ಮದಲ್ಲ. ಮನಸ್ಸಿನ ಭ್ರಮೆ ಅಂದ್ಕೊಂಡೆ."

"ಪಿಸುಮಾತಿನ್ಯಾಗ ಏನು ಕೇಳ್ತಿತ್ತಂತ?"

"'ಅಣ್ಣಾಜಿ ನಿಮ್ಮವನಲ್ಲ.' ಅಷ್ಟೇ. ಮತ್ತ ಮತ್ತ."

ತಿರಕಪ್ಪ ಗೋಡೆಯಿಂದ ಒಂದು ಹೆಜ್ಜೆ ಈಚೆ ಸರಿದು ನಿಂತ.

ವೀರೇಂದ್ರ ಪೆಟ್ಟಿಗೆಯ ಮೂಲಕ ಇನ್ನೊಂದು ಮಾತನ್ನೂ ಹೇಳಿದ್ದ. ಒಳಬಾಗಿಲನ್ನು ಯಾರೋ ಬಡಿಯತೊಡಗಿದಾಗ ಕಂಟ್ರೋಲಿನಿಂದಲೇ ಆಜ್ಞೆ ಬಂತಂತೆ: 'ತೆರೆಯಬೇಡಿ. ಅಲ್ಲಿರುವುದು ಕಮಾಂಡರ್ ಅಲ್ಲ.' ಆ ಪಾಳಿ ವಿಜಯಮಹಾಂತೇಶನದು. ಅವನು ಕೈ ಝಾಡಿಸಿದ.

"ನಾ ಹಂಗ ಅಂದೇ ಇಲ್ರಿ. ಧ್ವನಿಮುದ್ರಣದಾಗ ಹುಡುಕಿ ನೋಡ್ರಿ, ಇಲ್ಲ. ಅವನ ತಲಿ ಕೆಟ್ಟೈತಿ. ಮುದ್ರಿ ಹಂಗ ಐತಿ, ಹೊರಗಿನವ್ರು ಹೊಕ್ಕಿಲ್ಲ. ಹೊಡದಾವ ಒಳಗ ಅದಾನ. ಇದರಾಗ ಪತ್ತೆ ಮಾಡೂದು ಏನೈತ್ರಿ?"

ಧ್ವನಿಮುದ್ರಣದಲ್ಲಿ ಆ ಮಾತು ಖರೇನೇ ಇರಲಿಲ್ಲ. ಎಲ್ಲ ಬೆರಳೂ ವೀರೇಂದ್ರನ ಕಡೆಗೇ ತೋರಿಸುತ್ತಿದ್ದವು. ಪ್ರೇಮವ್ವನೂ ಅರೆಗಳಿಗೆ ಹಾಗೇ ಅಂದುಕೊಂಡಳು.

*

ಹೆಣ ಎತ್ತುವಾಗ ಅವಳ ಕಣ್ಣು ಅಣ್ಣಾಜಿಯ ಕೊರಳಪಟ್ಟಿಯ ಮೇಲೆ ಬಿತ್ತು. ಅಲ್ಲಿ ಕೆಂಪು ಕಲೆಗಳು, ಎರಡೂ ಬದಿಗೆ, ಯಾರೋ ಹಿಡಿದು ಜಗ್ಗಿದ ಹಾಗೆ.

"ರಕ್ತಾರೀ," ಎಂದ ತಿರಕಪ್ಪ.

"ರಕ್ತ ಅಲ್ನೋಡು." ಅವಳು ತಲೆಯ ಗಾಯ ತೋರಿಸಿದಳು. "ಅದು ಒಣಗಿ ಕಂದು ಆಗೈತಿ. ಇದು ಇನ್ನೂ ಕೆಂಪಗ ಐತಿ. ಬಟ್ಟಿ ಜಿಡ್ಡಾಗೇತಿ."

ಬಗ್ಗಿ ಮೂಸಿ ನೋಡಿದಳು. ಮೆಣಸಿನಕಾಯಿ.

ಪ್ರೇಮವ್ವನ ತವರು ಮೇಡ್ಲೇರಿ. ಆದರೆ ಸೋದರತ್ತೆಯ ಮನೆ ಬ್ಯಾಡಗಿಯಲ್ಲೇ. ಚಿಕ್ಕಂದಿನಲ್ಲಿ ಸುಗ್ಗಿಗೆ ಬಂದರೆ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವುದು. ಮೊದಲು ಅತ್ತೆ ಅಂಗೈಗೆ ಎಣ್ಣೆ ಹಾಕುತ್ತಿದ್ದಳು. ಬರಿಗೈಯಲ್ಲಿ ಮುಟ್ಟಿದರೆ ಉರಿಯುತ್ತದೆ ಎಂದು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಆದರೂ ದಿನವಿಡೀ ಕೂತರೆ ಬಿಟ್ಟೀತೇ?

ಅವಳು ನೆಲ ನೋಡಿದಳು. ಬಲಗೋಡೆಯ ಬುಡದಲ್ಲಿ ಕೆಂಪು ಧೂಳಿನ ಸಣ್ಣ ಗೆರೆ. ಪ್ಲೈವುಡ್ಡಿನ ಹಲಗೆಯನ್ನು ತಟ್ಟಿದಳು, ಪೊಳ್ಳು. ತಿರಕಪ್ಪ ಲಾಠಿಯ ತುದಿ ತೂರಿಸಿ ಮೀಟಿದ. ಹಲಗೆ ಕಳಚಿ ಬಂತು. ಹಿಂದೆ ಕತ್ತಲು.

ಹಳೆಯ ಗೋಡೆಗೂ ಹೊಸ ಪ್ಲೈವುಡ್ಡಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಸಂದು. ಅಲ್ಲಿಂದ ವರ್ಷಗಳ ಮೆಣಸಿನ ಧೂಳು ಹೊಗೆಯಂತೆ ಎದ್ದು ಬಂತು. ಋಷಿಕೇಶ ಸೀನಿದ. ಮತ್ತೆ ಸೀನಿದ. ಕಣ್ಣು ಮೂಗು ಒಂದಾಗಿ, ಗೋಡೆ ಹಿಡಿದುಕೊಂಡು ಹೊರಗೆ ಓಡಿದ. ಅವನ ಸೀನು ಆಚೆ ಅಂಗಳದಿಂದಲೂ ಕೇಳುತ್ತಿತ್ತು. ಪ್ರೇಮವ್ವ ಅವನ ಹೆಸರನ್ನು ಮನಸ್ಸಿನಲ್ಲೇ ಹೊಡೆದುಹಾಕಿದಳು. ಈ ಧೂಳಿನಲ್ಲಿ ದಿನಗಟ್ಟಲೆ ನಿಂತು ಪಿಸುಗುಟ್ಟುವುದು ಇವನಿಂದ ಆಗುವ ಕೆಲಸವಲ್ಲ.

ಅವಳು ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು ಒಳಗೆ ನುಸುಳಿದಳು. ಕತ್ತಲು ಮೈಗೆ ಒತ್ತುತ್ತಿತ್ತು. ಎಡಕ್ಕೆ ಸಂದು ಕೋಲ್ಡ್ ಸ್ಟೋರೇಜಿನ ಹಳೆಯ ಯಂತ್ರದ ಕೋಣೆಯ ಕಡೆ ತೆರೆದಿತ್ತು. ಅಲ್ಲಿಗೆ ಮುದ್ರೆಯೂ ಇಲ್ಲ, ಕಾವಲೂ ಇಲ್ಲ. ಬಲಕ್ಕೆ ಹೋದಂತೆ ಹಲಗೆಯ ಬದಲು ದಪ್ಪ ಕಬ್ಬಿಣದ ಗೋಡೆ, ಅದರಲ್ಲಿ ಮುಷ್ಟಿಯಷ್ಟು ದೊಡ್ಡ ಗಾಳಿಕಿಂಡಿಯೊಂದರಿಂದ ಬೆಳಕು ಬರುತ್ತಿತ್ತು.

ಕಣ್ಣು ಹಚ್ಚಿದಳು.

ನೀಲಿ ದೀಪದ ಕೆಳಗೆ ವೀರೇಂದ್ರ ಕೂತಿದ್ದ. ಕಪಾಟಿನ ಬಾಗಿಲಿಗೆ ಬೆನ್ನು, ಮಡಿಲಲ್ಲಿ ಕಬ್ಬಿಣದ ಸಲಾಕೆ. ಅವನು ನೇರವಾಗಿ ಈ ಕಿಂಡಿಯನ್ನೇ ನೋಡುತ್ತಿದ್ದ. ರೆಪ್ಪೆ ಹೊಡೆಯುತ್ತಿರಲಿಲ್ಲ. ಪ್ರೇಮವ್ವ ಉಸಿರು ಬಿಗಿಹಿಡಿದಳು. ಇಲ್ಲಿಂದ ಒಂದು ಮಾತು ಆಡಿದರೂ ತಾನೇ ಆ ಆಗಂತುಕಳಾಗುತ್ತೇನೆ ಎಂದು ಅವಳಿಗೆ ಹೊಳೆಯಿತು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಕಿಂಡಿಯ ಅಂಚಿನಲ್ಲಿ, ಒಳಬದಿಗೆ ಬಳಸಿಕೊಂಡು, ಕೆಂಪು ಬೆರಳಿನ ಗುರುತುಗಳಿದ್ದವು. ಕಪಾಟಿನ ಬಡಿತ ನಿಂತಿತ್ತು.

*

"ವೀರೇಂದ್ರ, ನನ್ನ ಮಾತು ನಂಬಬ್ಯಾಡ್ರಿ." ಕಂಟ್ರೋಲ್ ಕೋಣೆಯ ಮೈಕಿನ ಮುಂದೆ ಪ್ರೇಮವ್ವ ಕೂತಿದ್ದಳು. ಋಷಿಕೇಶ ಕೆಂಪು ಕಣ್ಣು ಒರೆಸುತ್ತ ಒಂದು ಬದಿಗೆ, ವಿಜಯಮಹಾಂತೇಶ ಇನ್ನೊಂದು ಬದಿಗೆ. "ನಾ ಯಾರರ ಆಗ್ಲಿ. ನಿಮ್ಮ ಕಣ್ಣು, ನಿಮ್ಮ ಮೂಗು ನಂಬ್ತೀರಿಲ್ಲೋ?"

ಅವಳು ಮೈಕಿಗೆ ಇನ್ನಷ್ಟು ಬಗ್ಗಿದಳು.

"ಗಾಳಿಕಿಂಡಿ ಹತ್ರ ಹೋಗ್ರಿ. ಅಂಚಿಗೆ ಕೆಂಪ ಬೆರಳು ಮೂಡ್ಯಾವ. ಒದ್ದಿ ಅರಬಿಲೆ ಒರಸ್ರಿ. ರಕ್ತ ಆಗಿದ್ರ ನೀರಿಗೆ ಬಿಡ್ತೈತಿ. ಇದು ಬಿಡಾಂಗಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ವಿಜಯಮಹಾಂತೇಶ ತನ್ನ ಅಂಗೈ ನೋಡಿಕೊಂಡ. ಒಂದೇ ಕ್ಷಣ. ಪ್ರೇಮವ್ವ ನೋಡದವಳಂತೆ ನೋಡಿದಳು.

ಪೆಟ್ಟಿಗೆಯಲ್ಲಿ ಹೆಜ್ಜೆ ಸಪ್ಪಳ. ಆಮೇಲೆ ವೀರೇಂದ್ರನ ದನಿ: "ಬಿಡವಲ್ದು."

"ಈಗ ಮೂಸಿ ನೋಡ್ರಿ."

"ಮೆಣಸಿನಕಾಯಿ." ದನಿ ಮೊದಲ ಬಾರಿ ಅಲುಗಿತು. "ಇಲ್ಲೆ... ನಮ್ಮ ಹತ್ರ ಮೆಣಸಿನಕಾಯಿ ಇಲ್ಲ."

"ಇಲ್ಲ. ಎಣ್ಣಿನೂ ಇಲ್ಲ, ನೀವು ತಿನ್ನೂದು ಬರೇ ಒಣ ಪೊಟ್ಟಣ. ಬ್ಯಾಡಗಿ ಕಾಯಿ ಬಣ್ಣ ನೀರಿಗೆ ಬಿಡಾಂಗಿಲ್ಲ, ಎಣ್ಣಿಗೆ ಬಿಡ್ತೈತಿ. ಒಣ ಕೈಲೆ ಆ ಧೂಳಿನ್ಯಾಗ ಹೊಕ್ರ ಝಾಡಿಸಿದ್ರ ಹೋಗ್ತಿತ್ತು. ಇಂವ ಎಣ್ಣಿ ಹಚ್ಚಿಕೊಂಡು ಹೊಕ್ಕಾನ. ಯಾಕ? ಈ ಪೇಟ್ಯಾಗ ಹುಟ್ಟಿದ ಕೂಸಿಗೆ ಅದನ್ನ ಯಾರೂ ಹೇಳಬೇಕಾಗಿಲ್ಲ. ಮೆಣಸಿನಕಾಯಿ ಅಂದ ಕೂಡಲೇ ಕೈ ತಾನ ಎಣ್ಣಿ ಹುಡುಕ್ತೈತಿ. ಮ್ಯಾಲಿನ ಲೋಕದ ಮಂದಿಗೆ ಈ ರೂಢಿ ಎಲ್ಲಿಂದ ಬರಬೇಕು, ವೀರೇಂದ್ರ?"

ವಿಜಯಮಹಾಂತೇಶ ನಕ್ಕ. ನಗು ಸೊಟ್ಟಗಾಯಿತು. "ಮೇಡಮ್ಮಾರ, ಬ್ಯಾಡಗ್ಯಾಗ ಯಾರ ಕೈ ಕೆಂಪಿಲ್ಲ ಹೇಳ್ರಿ? ಊರಿಗೆ ಊರ..."

"ಸುಗ್ಗ್ಯಾಗ. ಶ್ರಾವಣದಾಗಲ್ಲ. ನಿಮ್ಮ ವ್ಯಾಪಾರ ನಿಂತು ಯಾವ ಕಾಲ ಆತು?" ಅವಳು ಮೇಜಿನ ಮೇಲೆ ಕೊಬ್ಬರಿಎಣ್ಣೆಯ ಶೀಷೆ ಇಟ್ಟಳು. ತಿರಕಪ್ಪ ಪಕ್ಕದ ಅಂಗಡಿಯಿಂದ ತಂದದ್ದು. "ಎಣ್ಣಿ ಹಾಕಿ ಉಗುರು ಒರಸ್ಕೋರಿ, ಅರಬಿ ಕೆಂಪಾಕ್ಕೈತೋ ಇಲ್ಲೋ ನೋಡೂಣು. ಬ್ಯಾಡಂದ್ರ ಬಿಡ್ರಿ. ಕೊರಳಪಟ್ಟಿ ಮ್ಯಾಲ, ಕಿಂಡಿ ಮ್ಯಾಲ ಬೆರಳಚ್ಚು ಎಣ್ಣ್ಯಾಗ ಚಂದಾಗಿ ಕುಂತಾವ."

ಅವನು ಶೀಷೆ ಮುಟ್ಟಲಿಲ್ಲ.

"ಆಜ್ಞಾ ಕೊಡೂಮುಂದ ಮುದ್ರಣ ಬಂದ್ ಮಾಡಿದ್ರಿ, ಹೌದಿಲ್ಲೋ?" ಎಂದಳು ಪ್ರೇಮವ್ವ. "ಯಾಕ್ರಿ ಇಷ್ಟೆಲ್ಲಾ?"

ಉತ್ತರ ಕೊಟ್ಟವನು ಋಷಿಕೇಶ, ತನಗೆ ತಾನೇ ಹೇಳಿಕೊಳ್ಳುವಂತೆ. "ಕಮಾಂಡರ್ ಇವರೇ ಆಗಬೇಕಿತ್ತು. ಅದಕ್ಕಂತನ ಕಟ್ಟಡ ಕೊಟ್ಟಿದ್ರು. ತರಬೇತ್ಯಾಗ ಅಣ್ಣಾಜಿಯವರು ಬ್ಯಾಡ ಅಂದ್ರು. ಇವರ ಸಿಟ್ಟು ಮುಚ್ಚಿದ ಬಾಗಿಲ ಹಿಂದ ಛಲೋ ಅಲ್ಲ ಅಂದಿದ್ರು."

"ಕಟ್ಟಡ ನಂದು!" ವಿಜಯಮಹಾಂತೇಶನ ಕುತ್ತಿಗೆಯ ನರಗಳು ಉಬ್ಬಿದವು. "ಹಡಗು ನಂದು! ಕಮಾಂಡರ್ ಅವನಾ? ಒಳಗಿನವ್ರು ಅವನ್ನ ನಂಬಬಾರದು, ತಾವ ಇಳಿಸಬೇಕು, ಅಷ್ಟ ಬೇಕಿತ್ತು ನನಗ. ಪಿಸುಮಾತು ಹುಡ್ಕೊಂಡ ಬಂದು, ಹಲಗಿ ಕಿತ್ತಿ ಎದುರಿಗೆ ನಿಂತುಬಿಟ್ಟ. ನೂಕಿದೆ. ಕಬ್ಬಿಣದ ಬಾಗ್ಲಕ್ಕ ತಲಿ ಬಡೀತು. ಸತ್ತ ಅಂದ್ಕೊಂಡ ಹಲಗಿ ಮುಚ್ಚಿ ಬಂದೆ..."

"ಸತ್ತಿರ್ಲಿಲ್ಲ," ಎಂದಳು ಪ್ರೇಮವ್ವ.

ಅದು ಅವಳಿಗೆ ಸುಲಿದ ಗೆಣ್ಣು ಕಂಡಾಗಲೇ ಗೊತ್ತಾಗಿತ್ತು. ಅಣ್ಣಾಜಿ ಎಚ್ಚೆತ್ತು ಬಾಗಿಲು ಬಡಿದಿದ್ದ. ಭುವನಾ ತೆರೆಯೋಣ ಎಂದಿದ್ದಳು. ಇವನು ಇಲ್ಲಿ, ಇದೇ ಕುರ್ಚಿಯಲ್ಲಿ ಕೂತು ಆ ಬಡಿತ ಕೇಳುತ್ತ, ತೆರೆಯಬೇಡಿ ಎಂದಿದ್ದ. ನೂಕಿದ್ದು ಸಿಟ್ಟು ಇರಬಹುದು. ಇದು ಕೊಲೆ.

ತಿರಕಪ್ಪ ಬೇಡಿ ಹಾಕಿದ. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಒಳಗೆ ಎಲ್ಲವೂ ಕೇಳಿಸಿತ್ತು. ಪ್ರೇಮವ್ವ ಬೇಕೆಂದೇ ಅದನ್ನು ಆರಿಸಿರಲಿಲ್ಲ.

"ವೀರೇಂದ್ರ," ಎಂದಳು. "ಕಪಾಟು ತಗೀಪಾ. ಲಗೂ."

ಸಲಾಕೆ ನೆಲಕ್ಕೆ ಬಿದ್ದ ಸದ್ದು. ರಬ್ಬರ್ ಪಟ್ಟಿ ಬಿಟ್ಟ ಸದ್ದು. ಆಮೇಲೆ ಏನೂ ಇಲ್ಲ.

ಋಷಿಕೇಶ ಕಣ್ಣು ಮುಚ್ಚಿಕೊಂಡ.

ಪೆಟ್ಟಿಗೆಯಲ್ಲಿ ಹೆಣ್ಣೊಂದು ಕೆಮ್ಮಿತು. ಮತ್ತೆ ಕೆಮ್ಮಿ, ಗಾಳಿಯನ್ನು ಹಸಿದಂತೆ ಎಳೆದುಕೊಂಡಿತು.

*

ಒಳಬಾಗಿಲು ತೆರೆದವಳು ಭುವನಾ. ತುಟಿ ನೀಲಿಗಟ್ಟಿತ್ತು, ಅಂಗೈ ಊದಿತ್ತು. ಪ್ರೇಮವ್ವ ಹಿಡಿದುಕೊಳ್ಳಲು ಕೈ ಚಾಚಿದರೆ ಬೇಡವೆಂದು ತಲೆ ಅಲ್ಲಾಡಿಸಿ ಹಿಂದಕ್ಕೆ ತೋರಿಸಿದಳು.

ವೀರೇಂದ್ರ ಮೂಲೆಯಲ್ಲಿ ಮುದುಡಿ ಕೂತಿದ್ದ.

"ನಾ ಬರಾಂಗಿಲ್ಲ. ಕಮಾಂಡರ್ ಬಾಗ್ಲಾ ಬಡದ್ರು. ನಾ ತಗೀಲಿಲ್ಲ. ತಗೀತೇನಂದ ಡಾಕ್ಟರ್‌ನ್ನ..." ಅವನು ಕಪಾಟಿನ ಕಡೆ ಕೈ ತೋರಿಸಿದ. "ನನ್ನ ಇಲ್ಲೇ ಬಿಟ್ಟು ಮುದ್ರಿ ಹಾಕ್ರಿ."

ತಿರಕಪ್ಪ ಮುಂದೆ ಹೆಜ್ಜೆ ಇಟ್ಟ. ಪ್ರೇಮವ್ವ ತಡೆದಳು. ಭುವನಾ ಗೋಡೆ ಹಿಡಿದು ನಡೆದು ವೀರೇಂದ್ರನ ಎದುರು ಮೊಣಕಾಲೂರಿದಳು. ಅವನ ನಾಡಿ ಹಿಡಿದು ನೋಡಿದಳು. ಆಮೇಲೆ ಕೈ ಬಿಡಲಿಲ್ಲ.

"ಅಣ್ಣಾಜಿ ಸರ್ ಇಲ್ಲ," ಎಂದಳು. ದನಿ ಒಡೆದಿತ್ತು. "ಈಗ ಕಮಾಂಡ್ ಯಾರದು, ವೀರೇಂದ್ರ?"

ಅವನು ಅವಳ ಊದಿದ ಅಂಗೈ ನೋಡಿದ.

"ನಿಮ್ಮದ್ರಿ."

"ಹಂಗಾರ ನಾ ಹೇಳಾಕತ್ತೇನಿ. ಏಳ್ರಿ. ಹೊರಗ ಹೋಗೂಣು."

ವೀರೇಂದ್ರ ಎದ್ದ.