ತಪ್ಪಿಗೂ ಸೊನ್ನೆ

"ಮೇಡಂ, ನಿಮ್ಮ ಪ್ರೋಗ್ರಾಂ ಸುಳ್ಳು ಹೇಳ್ತಿದೆ."

ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವವನು ಅವಳ ಮೇಜಿನ ಮುಂದೆ ನಿಂತು ಆಡಿದ ಮೊದಲ ಮಾತು ಅದು. ಹಾಸಿಗೆ ಪಕ್ಕದ ಯಂತ್ರಗಳ ಅಲಾರಾಂ ನರ್ಸುಗಳ ಕೋಣೆಗೆ ಮುಟ್ಟಿಸುವ ಪ್ರೋಗ್ರಾಂ ಅವಳೇ ಬರೆದದ್ದು. ಅವಳಿಗೆ ಮೈಯೆಲ್ಲ ಉರಿಯಿತು.

"ಏನಂತೆ ಸುಳ್ಳು?"

"ಬೇರೆ ಆಪ್ಷನ್‌ಗಳೆಲ್ಲ ತಪ್ಪು ಕಂಡ್ರೆ ಕೊನೆಗೆ ಒಂದು ಅನ್ನೋ ನಂಬರ್ ಕೊಟ್ಟು ಮುಗೀತವೆ. ಸೆಟ್ಟಿಂಗ್ಸ್ ಸರಿ ಇದೆಯಾ ಅಂತ ನೋಡೋ 'ಚೆಕ್' ಮಾತ್ರ ಸ್ಕ್ರೀನ್ ಮೇಲೆ ತಪ್ಪಿದೆ ಅಂತ ಬರೆದು ಸೊನ್ನೆ ಕೊಡುತ್ತೆ. ಸೊನ್ನೆ ಅಂದ್ರೆ ಎಲ್ಲ ಸರಿ ಅಂತ ತಾನೆ? ಸೆಟ್ಟಿಂಗ್ಸನ್ನ ತಾನಾಗೇ ಸರ್ವರ್‌ಗೆ ಹಾಕೋ ನನ್ನ ಸ್ಕ್ರಿಪ್ಟ್‌ಗೆ ಸ್ಕ್ರೀನ್ ಓದೋಕೆ ಬರಲ್ಲ. ಆ ನಂಬರನ್ನೇ ನಂಬುತ್ತೆ."

"ಮುಂದಿನ ವಾರ ಸರಿಮಾಡಿ ಕೊಡ್ತೀನಿ."

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಅವಳ ಸಿಟ್ಟು ಎಲ್ಲಿ ಹೋಯಿತೋ.

ಮುಂದಿನ ವಾರ ಬಂದ. ಅದರ ಮುಂದಿನ ವಾರವೂ ಬಂದ.

"ಇವತ್ತಾದ್ರೂ ಆಯ್ತಾ?"

"ಅಷ್ಟೇನು ಅವಸರ? ಕೂತ್ಕೊಳ್ಳಿ, ಕಾಫಿ ಕುಡಿಯಿರಿ."

ಅವನು ಕೂರುತ್ತಿದ್ದ, ಹರಟುತ್ತಿದ್ದ. ಏಳುವಾಗ ಮಾತ್ರ ಮುಖ ಬಾಡುತ್ತಿತ್ತು. "ಯಾಕೋ ಭಯ ಆಗುತ್ತೆ ಮೇಡಂ."

ಐದನೇ ವಾರ, ಮಧ್ಯಾಹ್ನ, ಅವನ ಫೋನ್ ಬಂತು. "ಬೇಗ ಮೇಲೆ ಬನ್ನಿ."

ವಾರ್ಡಿನಲ್ಲಿ ನರ್ಸುಗಳು ಹಾಸಿಗೆಯಿಂದ ಹಾಸಿಗೆಗೆ ಓಡುತ್ತಿದ್ದರು. ಯಾರೋ ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ತಪ್ಪು ಬರೆದಿದ್ದರು. ಚೆಕ್ ಸೊನ್ನೆ ಕೊಟ್ಟಿತು. ಸ್ಕ್ರಿಪ್ಟ್ ಅದನ್ನು ನಂಬಿ ಸರ್ವರ್‌ಗೆ ಹಾಕಿತು. ಹನ್ನೊಂದು ನಿಮಿಷ ಒಂದೇ ಒಂದು ಅಲಾರಾಂ ಕೂಗಿರಲಿಲ್ಲ.

ಕೊನೆಯ ಹಾಸಿಗೆಯ ಅಜ್ಜಿಯ ಎದೆಯನ್ನು ಹಿರಿಯ ನರ್ಸ್ ಎರಡೂ ಕೈಯಿಂದ ಒತ್ತುತ್ತಿದ್ದರು. ಉಸಿರು ಮರಳಿತು. ಕಣ್ಣು ತೆರೆಯಲಿಲ್ಲ.

ಮೆಟ್ಟಿಲ ಬಳಿ ಅವನು ಮೆಲ್ಲಗೆ ಹೇಳಿದ: "ರಿಪೋರ್ಟ್‌ನಲ್ಲಿ ಸ್ಕ್ರಿಪ್ಟ್ ತಪ್ಪು ಅಂತ ಬರೀತೀನಿ. ನಿಮ್ಮ ಹೆಸರು ಬರಲ್ಲ."

"ಬೇಡ." ಅವಳು ಅವನನ್ನು ತಡೆದಳು. "ಅದನ್ನ ಸರಿಮಾಡೋದು ಒಂದೇ ಸಾಲಿನ ಕೆಲಸ. ನೀವು ಬಂದ ದಿನವೇ ಮಾಡಿಟ್ಟಿದ್ದೆ."

"ಮತ್ತೆ?"

"ಕೊಟ್ಟುಬಿಟ್ರೆ ನೀವು ಬರೋದು ನಿಂತುಹೋಗುತ್ತೆ ಅನ್ನಿಸ್ತು."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಬರ್ತಿದ್ದೆ," ಎಂದ. "ಕೆಲಸ ಇಲ್ಲದಿದ್ರೂ ಬರ್ತಿದ್ದೆ."

ಅವಳು ಕೆಳಗಿಳಿದು ಆ ಸಾಲನ್ನು ಸರ್ವರ್‌ಗೆ ಹಾಕಿದಳು. ಪ್ರತಿ ಆಪ್ಷನ್ನನ್ನೂ ಬೇಕೆಂದೇ ತಪ್ಪಾಗಿ ಕೊಟ್ಟು ಇಬ್ಬರೂ ಪರೀಕ್ಷಿಸಿದರು. ಎಲ್ಲವೂ ಒಂದು ಕೊಟ್ಟವು. ಆಮೇಲೆ ಅವಳು ಮುಖ್ಯ ವೈದ್ಯರ ಬಾಗಿಲು ತಟ್ಟಿದಳು.

ಹೊರಬಂದಾಗ ಕೊರಳಲ್ಲಿ ಐಡಿ ಕಾರ್ಡ್ ಇರಲಿಲ್ಲ. ಬೆಂಚಿನ ಮೇಲೆ ಅವನಿದ್ದ.

"ಅಜ್ಜಿ?"

"ಇನ್ನೂ ಕಣ್ಣು ಬಿಟ್ಟಿಲ್ಲ."

ಅವನು ಸರಿದು ಜಾಗ ಮಾಡಿದ. ಅವಳು ಕೂತಳು.