ಕೇಳದೆ ಹಿಡಿದ ಕೈ

"ಬಿಡಿ... ಇದು ನಾನು ಹತ್ತಬೇಕಾದ ಬಸ್ಸಲ್ಲ."

ಹಂಸಾ ಹೇಳಿದ ಮಾತು ಅರಸೀಕೆರೆ ಬಸ್ ನಿಲ್ದಾಣದ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಒಂದು ಬಲವಾದ ಕೈ ಅವಳ ಮೊಣಕೈ ಹಿಡಿದಿತ್ತು. ಜನರ ನಡುವೆ ದಾರಿ ಬಿಡಿಸಿಕೊಂಡು, ಮೆಟ್ಟಿಲು ಹತ್ತಿಸಿ, ಸೀಟಿನಲ್ಲಿ ಕೂರಿಸಿದ ಮೇಲೆಯೇ ಆ ಕೈ ಬಿಟ್ಟಿದ್ದು.

"ಬೇಲೂರು ಬಸ್ಸೇ ಇದು, ಹೆದರ್ಕೋಬೇಡಿ. ಕಂಡಕ್ಟ್ರೇ, ಇವರನ್ನ ಬೇಲೂರಲ್ಲಿ ಹುಷಾರಾಗಿ ಇಳಿಸಿ," ಎಂದಿತು ಒಂದು ಗಂಡು ದನಿ.

ವಿಷಲ್ ಕೇಳಿಸಿತು. ಬಸ್ಸು ಹೊರಟೇಬಿಟ್ಟಿತು.

ಬೇಲೂರಿನಿಂದ ಅವಳು ಆಗಷ್ಟೇ ಬಂದಿಳಿದಿದ್ದಳು. ಹುಟ್ಟಿದಾಗಿನಿಂದ ಕಣ್ಣು ಕಾಣದ ಹಂಸಾ, ಮನೆಯವರ ಜೊತೆಯಿಲ್ಲದೆ ಊರು ಬಿಟ್ಟು ಹೊರಟಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಓದಿಗೆ ಸೇರುವ ಸಂದರ್ಶನ. ಅದಕ್ಕೆ ರೈಲು ಹಿಡಿಯಬೇಕಿತ್ತು. "ನಾನು ಬೇಲೂರಿಂದ ಬಂದಿದೀನಿ, ರೈಲ್ವೆ ಸ್ಟೇಷನ್ನಿಗೆ ಯಾವ ಕಡೆ ಹೋಗ್ಬೇಕು?" ಎಂದು ಪಕ್ಕದಲ್ಲಿ ನಿಂತಿದ್ದವರನ್ನು ಕೇಳಿದ್ದಳು. ಆ ಮನುಷ್ಯ ಬೇಲೂರು ಎಂಬ ಒಂದೇ ಮಾತು ಕೇಳಿಸಿಕೊಂಡು ಉಳಿದದ್ದನ್ನೆಲ್ಲ ತಾನೇ ತೀರ್ಮಾನಿಸಿದ್ದ!

ನಿಲ್ಲಿಸಿ ನಿಲ್ಲಿಸಿ ಎಂದು ಅವಳು ಕೂಗಿ ಕೂಗಿ, ಬಸ್ಸು ನಿಂತಾಗ ಊರು ದಾಟಿ ಜಾವಗಲ್ ರಸ್ತೆಗೆ ಬಂದಾಗಿತ್ತು. ಕೆಳಗಿಳಿದವಳು ಕೋಲಿಗಾಗಿ ತಡಕಾಡಿದಳು. ಕೋಲು ಇರಲಿಲ್ಲ.

ಕೋಲಿಲ್ಲದೆ, ಗುರುತಿಲ್ಲದ ರಸ್ತೆಯಲ್ಲಿ, ಒಂದು ಹೆಜ್ಜೆ ಎಲ್ಲಿಡುವುದು? ಬ್ಯಾಗನ್ನು ಎದೆಗವಚಿಕೊಂಡು ನಿಂತಳು. ಅಳಬಾರದು... ಇಲ್ಲಿ ಅತ್ತರೆ ಇನ್ನೊಬ್ಬರು ಯಾರಾದರೂ ಬಂದು ಇನ್ನೊಂದು ಬಸ್ಸಿಗೆ ಹತ್ತಿಸುತ್ತಾರೆ ಅಷ್ಟೆ.

ಹಿಂದಿನಿಂದ ಬಂದ ಬೈಕೊಂದು ಪಕ್ಕದಲ್ಲೇ ನಿಂತಿತು.

"ಮೇಡಂ... ನಿಮ್ಮ ಕೋಲು. ಬಸ್ ಹತ್ತಿಸೋವಾಗ ನನ್ನ ಕೈಯಲ್ಲೇ ಉಳ್ಕೊಂಡಿತ್ತು."

ಅದೇ ದನಿ. ಹಂಸಾ ಕೈ ಚಾಚಿ ಕೋಲು ತೆಗೆದುಕೊಂಡಳು. ಅದು ಕೈಗೆ ಬಂದ ಮೇಲೆಯೇ ಅವಳಿಗೆ ಸಿಟ್ಟು ಬಂದದ್ದು.

"ನಿಮ್ಮ ಕೈ ಹಿಡಿದು ಯಾರಾದ್ರೂ ಬೇಡದ ಊರಿನ ಬಸ್ಸಿಗೆ ತುಂಬಿದ್ರೆ, ನೀವು ಥ್ಯಾಂಕ್ಸ್ ಹೇಳ್ತೀರಾ?"

ಸಮಜಾಯಿಷಿ ಕೊಡುತ್ತಾನೆ ಎಂದುಕೊಂಡಿದ್ದಳು. ಅವನು ಕೊಡಲಿಲ್ಲ.

"ಇಲ್ಲ. ತಪ್ಪಾಯ್ತು," ಎಂದ. "ನೀವು ಎಲ್ಲಿಗೆ ಹೋಗ್ಬೇಕು, ಹೇಳಿ."

ಅವನ ಬೈಕಿನಲ್ಲಿ ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೋಗಿಯಾಗಿತ್ತು. ಮುಂದಿನದು ಮಧ್ಯಾಹ್ನಕ್ಕೆ. ಹಂಸಾ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತಳು. ಅವನು ಹೋಗಲಿಲ್ಲ. ಇಲ್ಲಿ ಕೂರಬಹುದಾ ಎಂದು ಕೇಳಿದ. ಇದು ರೈಲ್ವೆಯವರ ಬೆಂಚು, ನನ್ನನ್ನೇಕೆ ಕೇಳುತ್ತೀರಿ ಎಂದಳು. ಅವನು ಆ ತುದಿಯಲ್ಲಿ ಕೂತ.

ಆಮೇಲೆ ಅವನೇ ಅಳುಕುತ್ತ ತನ್ನ ವಿಷಯ ಹೇಳಿದ. ಹೆಸರು ಇಂದುಧರ. ಊರು ಕಣಕಟ್ಟೆ. ಅಲ್ಲಿ ತೆಂಗಿನ ತೋಟ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ತಂದೆ ಹೋದ ಮೇಲೆ ಬಿ.ಕಾಂ. ಮುಗಿಸಿ ಮಂಡಿಯಲ್ಲಿ ಕೂತಿದ್ದ. ಮನೆಯಲ್ಲಿ ತಾಯಿ ಮತ್ತು ಅವನು, ಇಬ್ಬರೇ.

ನೀವು ಹುಬ್ಬಳ್ಳಿಯಲ್ಲಿ ಏನು ಓದಲು ಹೊರಟಿದ್ದೀರಿ ಎಂದು ಅವನು ಕೇಳಿದಾಗ ಹಂಸಾ ಭಾಷಾವಿಜ್ಞಾನ ಮತ್ತು ವೆಬ್ ತಂತ್ರಜ್ಞಾನ ಎಂದಳು. ಎರಡೂ ಸೇರಿದ ಸ್ನಾತಕೋತ್ತರ ಪದವಿ. ಹೊಸ ಸಂಸ್ಥೆ, ಹೊಸ ಕೋರ್ಸು.

"ಭಾಷೆಗೂ ವೆಬ್ಬಿಗೂ ಏನು ಸಂಬಂಧ?" ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹಂಸಾ ಉತ್ತರ ಹೇಳುವ ಬದಲು ಫೋನಿನ ದನಿ ಜೋರು ಮಾಡಿ ಒಂದು ಕನ್ನಡ ಪುಟ ತೆರೆದಳು. ಫೋನು ಓದತೊಡಗಿತು. 'ತಾ॥ ಅರಸೀಕೆರೆ' ಎಂದಿದ್ದಲ್ಲಿ ತಾಲ್ಲೂಕು ಎನ್ನಬೇಕೆಂದು ಅದಕ್ಕೆ ತಿಳಿಯದೆ 'ತಾ' ಎಂದು ಮುಗ್ಗರಿಸಿತು. 'ಡಾ.' ಎಂದಲ್ಲಿ ವಾಕ್ಯವೇ ಮುಗಿಯಿತೆಂದು ನಿಂತುಬಿಟ್ಟಿತು. ಆಮೇಲೆ ಇನ್ನೊಂದು ಪುಟ ತೆರೆದಳು. ಕೆಲಸಕ್ಕೆ ಕರೆದ ಪ್ರಕಟಣೆ. ಫೋನು 'ಇಮೇಜ್' ಎಂದಷ್ಟೇ ಹೇಳಿ ಸುಮ್ಮನಾಯಿತು.

"ಇದು ಅಕ್ಷರಗಳ ಫೋಟೋ. ನಿಮಗೆ ಕಾಣುತ್ತೆ, ಇದಕ್ಕೆ ಓದೋಕೆ ಬರಲ್ಲ."

"ಹಂಗಾದ್ರೆ ವೆಬ್ಬಲ್ಲಿರೋ ಅರ್ಧ ಕನ್ನಡ ನಿಮ್ಮ ಪಾಲಿಗೆ ಇಲ್ವೇ ಇಲ್ಲ," ಎಂದ ಇಂದುಧರ ಮೆಲ್ಲಗೆ.

"ಅದಕ್ಕೇ ಹೊರಟಿದೀನಿ. ಇದನ್ನ ಸರಿ ಮಾಡೋರಿಗೆ ಭಾಷೆನೂ ಗೊತ್ತಿರ್ಬೇಕು, ಪುಟ ಕಟ್ಟೋದೂ ಗೊತ್ತಿರ್ಬೇಕು."

ರೈಲು ಬಂದಾಗ ಅವನು ಅವಳನ್ನು ಮುಟ್ಟಲಿಲ್ಲ. ಬೋಗಿಯ ಬಾಗಿಲು ಎಡಗಡೆ, ಮೆಟ್ಟಿಲು ಎತ್ತರ ಎಂದು ಹೇಳಿ ಪಕ್ಕಕ್ಕೆ ನಿಂತ. ಹಂಸಾ ತಾನೇ ಹತ್ತಿದಳು.

ಹುಬ್ಬಳ್ಳಿಯ ಆ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತು.

ಆಮೇಲಿನ ದಿನಗಳಲ್ಲಿ ಹುಬ್ಬಳ್ಳಿಯಿಂದ ಬೇಲೂರಿಗೆ ಬಂದು ಹೋಗುವಾಗೆಲ್ಲ ಅರಸೀಕೆರೆಯಲ್ಲಿ ಇಳಿಯಲೇಬೇಕಿತ್ತು. ಸ್ಟೇಷನ್ನಿಗೆ ಬರಲೇ ಎಂದು ಇಂದುಧರ ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದ. ಮೊದಮೊದಲು ಬೇಡ ಎನ್ನುತ್ತಿದ್ದವಳು, ಬರುಬರುತ್ತ ಅವನು ಕೇಳಲೆಂದೇ ಕಾಯತೊಡಗಿದಳು.

ಓದುವ ಯಂತ್ರದ ದನಿ ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂದು ತಿಳಿಯಲು ಅವಳಿಗೆ ಜನರ ಸಹಜ ಓದು ಬೇಕಿತ್ತು. ಇಂದುಧರ ಮಂಡಿಯಲ್ಲಿ ಬಿಡುವಾದಾಗ ಪತ್ರಿಕೆಯ ಸುದ್ದಿಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುತ್ತಿದ್ದ. ಹಿಂದೆ ಕರಟ ಒಡೆಯುವ ಸದ್ದು, ಹಮಾಲರ ಮಾತು. ಹಂಸಾ ಹಾಸ್ಟೆಲಿನಲ್ಲಿ ಅವನ್ನು ಓದಿಗೆ ಬೇಕಾದ್ದಕ್ಕಿಂತ ಹೆಚ್ಚು ಸಲ ಕೇಳುತ್ತಿದ್ದಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಒಮ್ಮೆ ರಜೆಯಲ್ಲಿ ಇಬ್ಬರೂ ಹಳೇಬೀಡಿನಲ್ಲಿ ಇಳಿದರು. ಗುಡಿಯ ಸುತ್ತ ನಡೆಯುತ್ತ, ಏನಿದೆ ಹೇಳಿ ಎಂದಳು ಹಂಸಾ. ಅವನು ರಾಜರ ಹೆಸರುಗಳಿಂದ ಶುರು ಮಾಡಿದ. ಗೈಡುಗಳ ಮಾತು ಬೇಡ, ನಿಮಗೆ ಕಂಡದ್ದು ಬೇಕು ಎಂದಳು.

"ಆನೆ ಸಾಲು ಐತೆ," ಎಂದ ಅವನು, ಯೋಚಿಸಿ ಯೋಚಿಸಿ. "ಎಲ್ಲಾ ಒಂದೇ ಥರ ಅನ್ಸುತ್ತೆ. ಹತ್ರ ಹೋದ್ರೆ ಒಂದಕ್ಕೊಂದು ಬೇರೆ. ಒಂದು ಮುಂದಿನದನ್ನ ಸೊಂಡಿಲಲ್ಲಿ ತಳ್ತಿದೆ. ತುಂಟ ಆನೆ ಅದು."

ಹಂಸಾ ನಕ್ಕಳು. ಆ ನಗುವಿನ ನಡುವೆಯೇ ಅವಳಿಗೆ ಗೊತ್ತಾಯಿತು, ಇನ್ನು ಈ ದನಿಯಿಲ್ಲದೆ ತನಗಾಗದು ಎಂದು.

ಆದರೆ ಅವಳು ಹೇಳಲಿಲ್ಲ. ಅಪ್ಪ ಯೋಗನರಸಿಂಹ ಬೇಲೂರು ದೇವಸ್ಥಾನದ ಸೇವೆಯಲ್ಲಿದ್ದವರು. ಇಂದುಧರನ ಮನೆಯವರು ಮಠಕ್ಕೆ ನಡೆದುಕೊಳ್ಳುವ ಶಿವಭಕ್ತರು. ಎರಡು ಮನೆಗಳ ನಡುವೆ ಜಾತಿ, ಪದ್ಧತಿಗಳ ಅಂತರ ಬಹಳ ಇತ್ತು. ಮೊದಲು ಪದವಿ, ಆಮೇಲೆ ಉಳಿದದ್ದು... ಎಂದು ಮನಸ್ಸಿಗೆ ಹೇಳಿಕೊಂಡಳು.

ಆ ಪದವಿಯೇ ಕೈತಪ್ಪುವಂತಾಯಿತು.

ವೆಬ್ ಪುಟ ಕಟ್ಟುವ ಪೇಪರಿನಲ್ಲಿ ಅವಳು ಫೇಲಾದಳು. ಪ್ರಯೋಗಾಲಯದ ತಂತ್ರಾಂಶದಲ್ಲಿ ಮೌಸ್ ಹಿಡಿದು ಚಿತ್ರಗಳನ್ನು ಎಳೆದೆಳೆದು ಜೋಡಿಸಬೇಕಿತ್ತು. ಅವಳ ಕಂಪ್ಯೂಟರಿನ ದನಿ ಅಲ್ಲಿ 'ಬಟನ್, ಬಟನ್, ಬಟನ್' ಎಂದಷ್ಟೇ ಹೇಳುತ್ತಿತ್ತು. ಯಾವ ಬಟನ್, ಏನು ಮಾಡುತ್ತದೆ, ಒಂದೂ ಗೊತ್ತಾಗುತ್ತಿರಲಿಲ್ಲ. ಆ ಸಂಜೆ ಇಂದುಧರನಿಗೆ ಫೋನು ಮಾಡಿ ಮನಸಾರೆ ಅತ್ತಳು.

ಕೆಲವು ದಿನ ಕಳೆದ ಮೇಲೆ ಅವಳ ಮಾರ್ಗದರ್ಶಕಿ ಚಿತ್ರಾ ಮೇಡಂ ಕರೆಸಿದರು. ತುಂಬ ಮೃದುವಾಗಿ ಮಾತಾಡಿದರು. ನಿಮ್ಮ ಕಡೆಯವರು ಇಂದುಧರ ಅಂತ ಒಬ್ಬರು ಬಂದಿದ್ದರು, ನಿಮಗೆ ವೆಬ್ ಪೇಪರಿನಿಂದ ವಿನಾಯಿತಿ ಕೊಡಿ ಎಂದು ಬಹಳ ಕೇಳಿಕೊಂಡರು, ಭಾಷಾವಿಜ್ಞಾನ ಮಾತ್ರ ಬರೆದು ಮುಗಿಸುವುದಾದರೆ ಮೇಲಿನವರನ್ನು ಕೇಳಿ ನೋಡಬಹುದು ಎಂದರು.

ಹಂಸಾ ಹೊರಗೆ ಬಂದವಳೇ ಫೋನು ಹಚ್ಚಿದಳು.

"ನನ್ನ ಪರವಾಗಿ ಮಾತಾಡಿ ಅಂತ ನಾನು ನಿಮಗೆ ಹೇಳಿದ್ನಾ?"

"ನೀವು ಅಷ್ಟು ಅತ್ತಿದ್ದು ಕೇಳಿ ನನ್ನ ಕೈಲಿ ಸುಮ್ನಿರೋಕಾಗ್ಲಿಲ್ಲ..."

"ಅವತ್ತು ಬೇಡದ ಬಸ್ಸಿಗೆ ಹತ್ತಿಸಿದ್ರಿ. ಇವತ್ತೂ ಅದನ್ನೇ ಮಾಡಿದೀರಿ. ನಾನು ಕಟ್ತೀನಿ ಅಂತ ಹೊರಟಿರೋದನ್ನೇ ನನ್ನಿಂದ ಬಿಡಿಸೋಕೆ ಹೋದ್ರಲ್ಲ ಇಂದುಧರ... ನೀವೂ ನನ್ನನ್ನ ಹಂಗೇ ನೋಡ್ತೀರಾ?"

ಉತ್ತರಕ್ಕೆ ಕಾಯದೆ ಫೋನಿಟ್ಟಳು. ಅವನು ಮತ್ತೆ ಮಾಡಲಿಲ್ಲ. ಆ ದಿನವೂ ಇಲ್ಲ, ಆ ತಿಂಗಳೂ ಇಲ್ಲ.

ಮೊದಲು ಸಿಟ್ಟಿತ್ತು. ಸಿಟ್ಟು ಆರಿದ ಮೇಲೆ ನೋವು. ಒಂದು ಸಲವೂ ಫೋನು ಮಾಡಲಿಲ್ಲ... ಅಷ್ಟೇ ಆಗಿತ್ತಾ ಎಲ್ಲ? ಪಾಪದ ಹುಡುಗಿ ಎಂಬ ಕನಿಕರ, ಬೈದ ಕೂಡಲೇ ಮುಗಿದುಹೋಯಿತಾ?

ಹಂಸಾ ಅಳುವುದನ್ನು ನಿಲ್ಲಿಸಿ ಕೆಲಸಕ್ಕೆ ಕೂತಳು. ಎಳೆದು ಜೋಡಿಸುವ ಪುಟವನ್ನೇ ಬರೀ ಕೀಲಿಮಣೆಯಲ್ಲಿ, ಸಾಲು ಸಾಲಾಗಿ ಕೋಡ್ ಬರೆದು ಕಟ್ಟಬಹುದಿತ್ತು. ಕಷ್ಟದ ದಾರಿ, ಆದರೆ ದನಿ ಪ್ರತಿ ಅಕ್ಷರವನ್ನೂ ಓದಿ ಹೇಳುತ್ತಿತ್ತು. ಒಂದು ಚಿಹ್ನೆ ತಪ್ಪಿದರೂ ಪುಟ ಮುರಿದುಬೀಳುತ್ತಿತ್ತು. ಮುರಿದದ್ದನ್ನು ಮತ್ತೆ ಕಟ್ಟಿದಳು. ಬೆರಳು ನೋಯುವವರೆಗೆ ಕಟ್ಟಿದಳು. ಕಟ್ಟಿ ಮುಗಿಸಿ ಚಿತ್ರಾ ಮೇಡಂ ಎದುರಿಗಿಟ್ಟಳು.

"ಪೇಪರ್ ಬಿಡಿಸ್ಬೇಡಿ ಮೇಡಂ. ಆ ತಂತ್ರಾಂಶ ಬಿಡಿಸಿ. ಪರೀಕ್ಷೆಯಲ್ಲೂ ಹೀಗೇ ಮಾಡ್ತೀನಿ."

ಮೇಡಂ ಪುಟವನ್ನು ಪರಿಶೀಲಿಸಿದರು. ಆಮೇಲೆ ತಾವೇ ಎದ್ದು ಹೋಗಿ ಅನುಮತಿ ತಂದರು. ಹಂಸಾ ಪಾಸಾದಳು.

ಕೊನೆಯ ಮೌಖಿಕ ಪರೀಕ್ಷೆಯ ದಿನ ಅವಳು ಕಟ್ಟಿದ ಪುಟ, ಮುಗ್ಗರಿಸದೆ, ಊರಿನವರ ಹಾಗೆ ನಿಲ್ಲುವಲ್ಲಿ ನಿಂತು, ಏರುವಲ್ಲಿ ಏರಿ ಒಂದು ಪ್ರಕಟಣೆ ಓದಿತು. ಕೇಳುತ್ತ ಕೂತ ಪರೀಕ್ಷಕರು ಇನ್ನೊಮ್ಮೆ ಓದಿಸಿ ಎಂದರು. ಅದೇ ಸಂಸ್ಥೆಯ ಯೋಜನೆಯಲ್ಲಿ ಕನ್ನಡ ಪುಟಗಳನ್ನು ಎಲ್ಲರೂ ಓದುವಂತೆ ಮಾಡುವ ಕೆಲಸವೂ ಸಿಕ್ಕಿತು. ಎಲ್ಲಿದ್ದಾದರೂ ಮಾಡಬಹುದಾದ ಕೆಲಸ.

ಎಲ್ಲರೂ ಚಪ್ಪಾಳೆ ತಟ್ಟುವಾಗ ಹಂಸಾಳಿಗೆ ಒಂದೇ ಯೋಚನೆ. ಇದನ್ನು ಅವನಿಗೆ ಹೇಳಬೇಕು. ಅವನು ಬೇರೆಯವರನ್ನು ಮದುವೆಯಾಗಿದ್ದರೂ ಸರಿ... ಕೇಳಿಯೇ ತಿಳಿಯಬೇಕು. ಸುಮ್ಮನೆ ತೀರ್ಮಾನಿಸಬಾರದು.

ಬೇಲೂರಿಗೆ ಬಂದು ಅಪ್ಪ ಅಮ್ಮನ ಎದುರು ಎಲ್ಲವನ್ನೂ ಹೇಳಿದಳು. ಅಮ್ಮ ಚೆಲುವಾಂಬ ಕಣ್ಣೊರೆಸಿಕೊಂಡರು. ಅವರ ಮನೆಯ ಪದ್ಧತಿಯೇ ಬೇರೆ, ನಿನ್ನನ್ನು ಅಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದರು. ನನಗೆ ನೋಡಿಕೊಳ್ಳುವವರು ಬೇಡಮ್ಮ, ಜೊತೆಗಿರುವವರು ಬೇಕು ಎಂದಳು ಹಂಸಾ.

"ಹುಬ್ಬಳ್ಳಿಗೆ ಹೋಗ್ತೀನಿ ಅಂದಾಗ ಬೇಡ ಅಂದೆ. ನೀನು ಕೇಳ್ಲಿಲ್ಲ," ಎಂದರು ಯೋಗನರಸಿಂಹ. "ಕೇಳದೇ ಇದ್ದದ್ದೇ ಒಳ್ಳೇದಾಯ್ತು. ಹೂಂ ಅಂತ ಈಗಲೇ ಹೇಳಲ್ಲಮ್ಮ. ಆ ಹುಡುಗನ್ನ ಮನೆಗೆ ಕರ್ಕೊಂಡು ಬಾ. ಮಾತಾಡ್ತೀನಿ."

ಮರುದಿನ ಬೆಳಿಗ್ಗೆಯೇ ಅರಸೀಕೆರೆಯಲ್ಲಿ ಇಳಿದಳು. ಹಾದಿಯಲ್ಲಿ ಇಬ್ಬರನ್ನು ವಿಚಾರಿಸಿ ಮಂಡಿ ತಲುಪಿದಳು. ಕೊಬ್ಬರಿಯ ಎಣ್ಣೆವಾಸನೆ ದೂರದಿಂದಲೇ ಬರುತ್ತಿತ್ತು. ಕೋಲಿನ ಸದ್ದಿಗೆ ಒಳಗಿನ ಮಾತು ನಿಂತಿತು.

"ಯಾರವ್ವ ನೀನು? ಯಾರ್ ಬೇಕಾಗಿತ್ತು?" ವಯಸ್ಸಾದ ಹೆಣ್ಣು ದನಿ. ಇಂದುಧರನ ತಾಯಿ ಗುರುಸಿದ್ದಮ್ಮನವರೇ ಇರಬೇಕು.

"ನಾನು ಹಂಸಾ. ಬೇಲೂರಿಂದ ಬಂದೆ. ಇಂದುಧರ ಇದಾರಾ?"

ಗುರುಸಿದ್ದಮ್ಮ ಹತ್ತಿರ ಬಂದರು.

"ನೀನೇನಾ... ಬಂದ್ಯಾ ತಾಯಿ. ಮದ್ವೆ ಮಾತೆತ್ತಿದ್ರೆ ಎದ್ದೋಯ್ತಾನೆ. ಒಂದ್ ಫೋನಾದ್ರೂ ಮಾಡು ಅಂದ್ರೆ, ಅವರು ಕರೀದೆ ನಾನು ಹೋಗಲ್ಲ ಅಂತಾನೆ. ನಮ್ಮ ಮಠದೋರು, ನಿಮ್ಮೋರು, ಯಾರೇನಂತಾರೋ ನಂಗೊತ್ತಿಲ್ಲ. ನನ್ನ ಮಗ ನಗೋದ್ ಬಿಟ್ಟು ಬಾಳ ದಿನ ಆಗೈತೆ, ಅದೊಂದು ಗೊತ್ತು."

ಅಷ್ಟರಲ್ಲಿ ಒಳಗಿನಿಂದ ಹೆಜ್ಜೆ ಸದ್ದು ಬಂತು. ಬಂದು ದೂರದಲ್ಲೇ ನಿಂತಿತು. ಗುರುಸಿದ್ದಮ್ಮ ಮಜ್ಜಿಗೆ ತರುತ್ತೇನೆಂದು ಹೋದರು.

"ಯಾಕೆ ಒಂದು ಸಲನೂ ಫೋನ್ ಮಾಡ್ಲಿಲ್ಲ?" ಹಂಸಾ ಕೇಳಿದಳು.

"ಮಾಡ್ಬೇಕು ಅಂತ ದಿನಾ ಅನ್ಸೋದು," ಎಂದ ಇಂದುಧರ. "ನೀವು ಹೇಳಿದ್ದು ನಿಜ. ನಿಮ್ಮನ್ನ ಕೇಳದೆ ನಿಮ್ಮ ಬದುಕಿಗೆ ಕೈ ಹಾಕಿದ್ದೆ. ತಿರುಗಾ ಕರೀದೇ ಬಂದ್ರೆ ಅದೂ ಹಂಗೇ ಆಗ್ತಿತ್ತು. ಅದಕ್ಕೇ ಕಾದೆ. ಕಾಯೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಹಂಸಾ."

ಹಂಸಾಳ ಕಣ್ಣು ತುಂಬಿತು. ತಾನು ಕನಿಕರ ಮುಗಿಯಿತೆಂದು ತಿಳಿದ ಆ ಮೌನ, ಅವನು ತನಗೆ ಕೊಟ್ಟ ಮರ್ಯಾದೆಯಾಗಿತ್ತು!

"ನಾನು ಪಾಸಾದೆ. ವೆಬ್ ಪೇಪರೂ."

"ಗೊತ್ತಿತ್ತು, ಆಗ್ತೀರಿ ಅಂತ."

"ಸುಳ್ಳು. ಗೊತ್ತಿದ್ದಿದ್ರೆ ವಿನಾಯಿತಿ ಯಾಕೆ ಕೇಳೋಕೆ ಹೋದ್ರಿ?"

ಅವನು ನಕ್ಕ. "ಆವತ್ತು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು."

"ಇಂದುಧರ, ನಾನು ನಿಮ್ಮನ್ನ ಪ್ರೀತಿಸ್ತೀನಿ. ನನ್ನನ್ನ ಮದುವೆ ಆಗ್ತೀರಾ ಅಂತ ಕೇಳೋಕೆ ಬಂದಿದೀನಿ. ಅಪ್ಪ ಇನ್ನೂ ಒಪ್ಪಿಲ್ಲ. ಆದ್ರೆ ಮನೆಗೆ ಬರೋಕೆ ಹೇಳಿದಾರೆ. ನೀವು ಬಂದು ಮಾತಾಡ್ಬೇಕು. ನಾನೂ ಮಾತಾಡ್ತೀನಿ. ಅವರು ಒಪ್ಪೋವರೆಗೂ."

"ಬರ್ತೀನಿ. ಇವತ್ತೇ ಬಾ ಅಂದ್ರೆ ಇವತ್ತೇ," ಎಂದ ಅವನು. ಹೆಜ್ಜೆಗಳು ಈಗ ಹತ್ತಿರ ಬಂದವು.

ಹಂಸಾ ಕೆನ್ನೆ ಒರೆಸಿಕೊಂಡು ಕೋಲನ್ನು ನೇರ ಮಾಡಿದಳು.

"ಅದಕ್ಕೆ ಮುಂಚೆ ಈ ಮಂಡಿಯಲ್ಲಿ ಎಲ್ಲೆಲ್ಲಿ ಏನಿದೆ ಹೇಳಿ. ನಾಳೆ ನಾನಿಲ್ಲಿ ಓಡಾಡ್ಬೇಕಲ್ಲ."

"ಬಲಗಡೆ ಕೊಬ್ಬರಿ ಚೀಲ, ಸೊಂಟದೆತ್ತರ. ಎಡಗಡೆ ತಕ್ಕಡಿ. ಎದುರಿಗೆ ಎರಡು ಮೆಟ್ಟಿಲು, ಹತ್ತಿದ್ರೆ ನಾನು ಕೂರೋ ಗದ್ದುಗೆ. ಅಲ್ಲಿ ಅವ್ವ ಮಜ್ಜಿಗೆ ಹಿಡ್ಕೊಂಡು, ನಮ್ಮ ಮಾತು ಕೇಳಿಸ್ಲಿಲ್ಲ ಅನ್ನೋ ಹಂಗೆ ನಿಂತಿದಾರೆ."

ಹಂಸಾ ನಕ್ಕಳು. "ನೀವೆಲ್ಲಿದೀರಿ?"

"ನಿಮ್ಮ ಪಕ್ಕದಲ್ಲೇ."