ರಜೆಗೆ ಹಿಡಿದ ಮನೆ

ಬಚ್ಚಲಮನೆಯ ಬಾಗಿಲು ಒಡೆದಾಗ ನಲ್ಲಿ ಇನ್ನೂ ಸುರಿಯುತ್ತಿತ್ತು. ಹಬೆಯ ನಡುವೆ ಮನೆಯ ಸೊಸೆ ಗೋಡೆಗೆ ಒರಗಿ ಕೂತಿದ್ದಳು. ಕೂತಲ್ಲೇ ಪ್ರಾಣ ಹೋಗಿತ್ತು.

ಆ ಬಾಡಿಗೆ ಮನೆಗೆ ಅವರು ರಜೆ ಕಳೆಯಲು ಬಂದದ್ದು ಹಿಂದಿನ ದಿನವಷ್ಟೇ. ಗಂಡ ಬಸ್ ಡಿಪೋದಲ್ಲಿ ಬ್ರೇಕ್ ಪರೀಕ್ಷಿಸುವ ಮೆಕ್ಯಾನಿಕ್. ಜೊತೆಗೆ ಅವನ ತಮ್ಮ, ಅವರಿಬ್ಬರ ತಾಯಿ. ಸತ್ತವಳು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು.

ಇನ್ಸ್‌ಪೆಕ್ಟರ್ ಒಳಗೆ ಬಂದಳು. ಗಂಡ ತಲೆ ಚಚ್ಚಿಕೊಂಡು ಅಳುತ್ತಿದ್ದ. ಡಾಕ್ಟರು ಶವದ ಕೆನ್ನೆಯ ಅಸಹಜ ಕೆಂಪನ್ನು ಅವಳಿಗೆ ತೋರಿಸಿದರು. ಹೃದಯಾಘಾತವಲ್ಲ, ಗ್ಯಾಸ್ ಗೀಸರಿನ ವಿಷಗಾಳಿ ಎಂದರು. ಚಳಿಗೆಂದು ಕಿಟಕಿ ಮುಚ್ಚಿತ್ತು. ಸರಿ, ಆದರೆ ಗೀಸರಿನ ಹೊಗೆಯನ್ನು ಹೊರಗೆ ಬಿಡುವ ಕೊಳವೆ?

ಹಿತ್ತಿಲಿಗೆ ಹೋಗಿ, ಸ್ಟೂಲು ಹತ್ತಿ, ಕೊಳವೆಯೊಳಗೆ ಕೈ ಹಾಕಿದಳು. ಬೆರಳಿಗೆ ಒಣಹುಲ್ಲು ಸಿಕ್ಕಿತು. ಎಳೆದರೆ ಇಡೀ ಹಕ್ಕಿಗೂಡು.

ಮನೆ ಮಾಲೀಕನ ಅಸಡ್ಡೆ ಎಂದ ಜೊತೆಗಿದ್ದ ಪೇದೆ. ಅವಳು ತಲೆಯಾಡಿಸಲಿಲ್ಲ. ಹಿಂದಿನ ಸಂಜೆ ಎಲ್ಲರೂ ಇದೇ ಬಚ್ಚಲಿನಲ್ಲಿ ಬಿಸಿನೀರು ಹುಯ್ದುಕೊಂಡಿದ್ದರೆಂದು ಒಳಗೆ ಆಗಲೇ ಕೇಳಿ ತಿಳಿದಿದ್ದಳು. ಯಾರಿಗೂ ತಲೆ ಕೂಡ ಸುತ್ತಿರಲಿಲ್ಲ. ಬೆಳಗಾಗುವುದರೊಳಗೆ ಗೂಡು ಕಟ್ಟುವ ಹಕ್ಕಿ ಯಾವುದು? ಅವಳು ಕತ್ತೆತ್ತಿದಳು. ಸೂರಿನ ಮೂಲೆಯಲ್ಲಿ ಗೂಡು ಕಿತ್ತ ಜಾಗ ಬೆಳ್ಳಗೆ ಕಾಣುತ್ತಿತ್ತು.

"ಇದು ಕೊಲೆ," ಎಂದಳು ಮೆಲ್ಲಗೆ. "ಸದ್ಯಕ್ಕೆ ಒಳಗಡೆ ಯಾರಿಗೂ ಹೇಳ್ಬೇಡ."

*

ಪಕ್ಕದ ಮನೆಯವರು ಹಿಂದಿನ ಸಂಜೆ ಜಗಳ ಕೇಳಿಸಿಕೊಂಡಿದ್ದರು. ಮೈದುನ ಅತ್ತಿಗೆಯ ಮೇಲೆ ಹಾರಾಡುತ್ತಿದ್ದನಂತೆ. ಬೆಳಗ್ಗೆ ಬಾಗಿಲು ಒಡೆಯುವಾಗ ಅವನು ಮನೆಯಲ್ಲಿರಲಿಲ್ಲ. ಬಂದಾಗ ಬೂಟಿನ ತುಂಬ ಕೆಸರು.

ಕೇಳಿದ್ದಕ್ಕೆ ಮೊದಲು ನೆಲ ನೋಡಿದ. ಆಮೇಲೆ ಎಲ್ಲ ಹೊರಬಂತು. ಡಿಪೋದ ಬಸ್ಸೊಂದು ಬ್ರೇಕ್ ಹಿಡಿಯದೆ ಕಂದಕಕ್ಕೆ ಉರುಳಿ ಜನ ಸತ್ತಿದ್ದರು. ತಪ್ಪು ಚಾಲಕನದೆಂದು ಅವನನ್ನು ಜೈಲಿಗೆ ಕಳಿಸಿದ್ದರು. ಅಸಲಿಗೆ ಬ್ರೇಕ್ ಮುಟ್ಟಿಯೂ ನೋಡದೆ ಸರಿಯಿದೆ ಎಂದು ಬಸ್ಸು ಬಿಟ್ಟವನು ಅಣ್ಣ. ಅತ್ತಿಗೆಗೆ ಅದು ತಿಳಿದುಹೋಗಿತ್ತು. ರಜೆ ಮುಗಿಸಿ ಹೋದ ಕೂಡಲೇ ತನಿಖಾಧಿಕಾರಿಗೆ ಹೇಳುತ್ತೇನೆ ಎಂದು ಹೊರಡುವ ಎಷ್ಟೋ ದಿನ ಮೊದಲೇ ಅಣ್ಣನಿಗೆ ಹೇಳಿದ್ದಳು.

"ಅಣ್ಣನ ಬಾಳು ಹಾಳ್ಮಾಡ್ಬೇಡಿ ಅಂತ ಕೂಗಾಡಿದೆ, ಮೇಡಂ."

"ಅವರೇನಂದ್ರು?"

"ಆ ಡ್ರೈವರ್ ಹೆಂಡ್ತಿ ನಮ್ ಕ್ಯಾಂಟೀನಲ್ಲೇ ಪಾತ್ರೆ ತೊಳೀತಾಳೆ ಕಣೋ, ದಿನಾ ಅವಳ ಮುಖ ನಾನು ನೋಡ್ಬೇಕು ಅಂದ್ರು." ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ನಿದ್ದೆ ಹತ್ತದೆ ನಸುಕಿಗೇ ಎದ್ದು ಹೊಳೆಯ ಕಡೆ ನಡೆದುಹೋದನಂತೆ. ನೋಡಿದವರು ಯಾರೂ ಇಲ್ಲ.

ಪೇದೆ ಇವನೇ ಎಂಬಂತೆ ಕಣ್ಸನ್ನೆ ಮಾಡಿದ. ಇನ್ಸ್‌ಪೆಕ್ಟರ್ ಅವಸರಪಡಲಿಲ್ಲ.

*

ತಾಯಿ ಹಚ್ಚದ ಒಲೆಯ ಮುಂದೆ ಕೂತಿದ್ದಳು. ಸ್ನಾನವಾಗದೆ ಸೊಸೆ ಒಲೆ ಮುಟ್ಟುತ್ತಿರಲಿಲ್ಲವೆಂದೂ, ಅದು ಕ್ಯಾಂಟೀನಿನ ಅಭ್ಯಾಸವೆಂದೂ, ಹಾಗಾಗಿ ಮನೆಯಲ್ಲಿ ಬೆಳಗಿನ ಮೊದಲ ಸ್ನಾನ ಯಾವತ್ತೂ ಅವಳದೇ ಎಂದೂ ಹೇಳಿದಳು.

"ನಂಗೆ ಗೆಸ್ಟ್‌ಹೌಸೇ ಇಷ್ಟ ಇತ್ತಮ್ಮ. ಕೂತಲ್ಲಿಗೆ ಊಟ ಬರತ್ತೆ. ಅವಳಿಗೆ ಮಾತ್ರ ಅಡುಗೆಮನೆ ಇರೋ ಮನೇನೇ ಬೇಕಂತೆ."

ಆ 'ಅಂತೆ' ಇನ್ಸ್‌ಪೆಕ್ಟರ್ ಕಿವಿಗೆ ಚುಚ್ಚಿತು.

"ಹಾಗಂತ ಅವರೇ ಹೇಳಿದ್ರಾ, ಅಮ್ಮಾ?"

"ಇಲ್ಲ. ದೊಡ್ಡ ಮಗ ಹೇಳಿದ."

ವರ್ಷವಿಡೀ ಊರಿಗೆಲ್ಲ ಬೇಯಿಸಿ ಹಾಕುವವಳು ರಜೆಗೂ ಒಲೆಯೇ ಬೇಕೆನ್ನುತ್ತಾಳೆಯೇ? ಇನ್ಸ್‌ಪೆಕ್ಟರ್ ಬೀದಿಯ ತುದಿಯ ಗೆಸ್ಟ್‌ಹೌಸಿಗೆ ನಡೆದಳು. ಅಲ್ಲಿಯ ಒಡತಿಗೆ ಸತ್ತವಳ ನೆನಪಿತ್ತು. ನಿನ್ನೆ ಸಂಜೆ ಬಂದು, ಇಲ್ಲಿ ರೂಮೇ ಖಾಲಿ ಇಲ್ಲವೆಂದು ಗಂಡ ಹೇಳಿದ್ದು ನಿಜವೇ ಎಂದು ಕೇಳಿದ್ದಳಂತೆ. ಮುಕ್ಕಾಲು ಪಾಲು ರೂಮು ಖಾಲಿ ಬಿದ್ದಿವೆ ಎಂದಾಗ ಅವಳ ಮುಖ ಕಪ್ಪಿಟ್ಟಿತ್ತು. ನಾಳೆಯೇ ತನಗೂ ಅತ್ತೆಗೂ ಒಂದು ರೂಮು ಬೇಕೆಂದು ಹೇಳಿ ಹೋಗಿದ್ದಳು.

ಉಳಿದದ್ದು ಬಾಡಿಗೆ ಮನೆಯ ಮಾಲೀಕ. ಫೋನಿನಲ್ಲಿ ಸಿಕ್ಕ.

"ಮೊದಲೇ ಒಂದ್ಸಲ ಆಕೆ ಗಂಡ ಒಬ್ರೇ ಬಂದು ನೋಡ್ಕೊಂಡ್ ಹೋಗಿದ್ರು, ಮೇಡಂ. ಅಡುಗೆಮನೆ ಕಡೆ ತಲೆನೂ ಹಾಕ್ಲಿಲ್ಲ. ಬಚ್ಚಲು ನೋಡಿದ್ರು, ಹಿತ್ತಿಲು ನೋಡಿದ್ರು, ಇದೇ ಸಾಕು ಅಂದ್ರು."

*

ಹಜಾರದಲ್ಲಿ ಮೂವರನ್ನೂ ಕೂರಿಸಿ ಅವಳು ಗಂಡನ ಎದುರು ನಿಂತಳು.

"ತಾಯಿಗೆ ಹೆಂಡ್ತಿ ಹಟ ಅಂದ್ರಿ. ಹೆಂಡ್ತಿಗೆ ರೂಮಿಲ್ಲ ಅಂದ್ರಿ. ಯಾಕೆ ಎರಡು ಸುಳ್ಳು?"

ಅವನು ಏಳಹೋದ. ಪೇದೆ ಹೆಗಲು ಹಿಡಿದು ಕೂರಿಸಿದ.

ಅವಳೇ ಬಿಡಿಸಿ ಹೇಳಿದಳು. ಗೆಸ್ಟ್‌ಹೌಸಿನಲ್ಲಿ ಅಡುಗೆ ಬೇರೆಯವರದು, ಯಾರು ಯಾವಾಗ ಬೇಕಾದರೂ ಏಳಬಹುದು. ಸ್ವಂತ ಅಡುಗೆಯ ಮನೆಯಲ್ಲಿ ಹಾಗಲ್ಲ. ಅಡುಗೆ ಮಾಡುವವಳು ಎಲ್ಲರಿಗಿಂತ ಮೊದಲು ಎದ್ದು ಸ್ನಾನಕ್ಕೆ ಹೋಗಲೇಬೇಕು. ಬಚ್ಚಲಿನ ಬಾಗಿಲು ಯಾರ ಹಿಂದೆ ಮುಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ಖಚಿತವಾಗಿ ಗೊತ್ತಿತ್ತು. ಎಲ್ಲರೂ ಮಲಗಿದ ಮೇಲೆ ಸೂರಿನ ಗೂಡು ಕಿತ್ತು ಕೊಳವೆಗೆ ತುರುಕಿದರೆ ಮುಗಿಯಿತು, ಅಪವಾದ ಹಕ್ಕಿಯ ಮೇಲೆ. ತಮ್ಮನಿಗೂ ಸಿಟ್ಟಿತ್ತು, ನಿಜ. ಆದರೆ ಮನೆ ಹುಡುಕಿದ್ದು ತಮ್ಮನಲ್ಲ, ಸುಳ್ಳು ಹೇಳಿದ್ದೂ ತಮ್ಮನಲ್ಲ.

"ಬಾಯ್ಮುಚ್ಕೊಂಡಿರು ಅಂತ ಕಾಲಿಗೆ ಬಿದ್ದೆ," ಎಂದ ಗಂಡ. ಅವನ ಕಣ್ಣಿನಲ್ಲಿ ಈಗ ನೀರಿರಲಿಲ್ಲ. "ಕೇಳ್ಲಿಲ್ಲ ಅವಳು."

ತಮ್ಮ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ಅಣ್ಣನ ಕೈಗೆ ಕೋಳ ಬಿತ್ತು. ಜೀಪಿನ ಹತ್ತಿರ ಅವನು ಅಮ್ಮಾ ಎಂದು ಕರೆದ. ತಾಯಿ ಅವನ ಕಡೆ ತಿರುಗಲಿಲ್ಲ. ಇನ್ಸ್‌ಪೆಕ್ಟರ್ ಬಳಿಗೆ ಬಂದು ಸೆರಗು ಸರಿಮಾಡಿಕೊಂಡಳು.

"ಸಂಜೆ ಜಗಳ ಆದಾಗ ನಾನೂ ಎಲ್ಲ ಕೇಳಿಸ್ಕೊಂಡೆ. ಅವಳು ಏನು ಹೇಳ್ಬೇಕು ಅಂತಿದ್ಲೋ ಅದನ್ನ ನಾನು ಹೇಳ್ತೀನಿ. ಯಾರ ಹತ್ರ ಹೇಳ್ಬೇಕಮ್ಮ?"